ಜರ್ಮನಿಯಲ್ಲಿ ಆಡುಮಾತು ಒಲಿದದ್ದು ಹೇಗೆ? ಅನುಭವ ತಿಳಿಸಿ

ಪ್ರಶ್ನೆ: ಮ್ಯೂನಿಕ್‌ಗೆ ಬಂದು ಎಂಟು ತಿಂಗಳಾಯಿತು. ಜರ್ಮನ್ ಭಾಷೆಯ ಮಧ್ಯಮ ಹಂತದ ಬಿ1 ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೂ ಸಹೋದ್ಯೋಗಿಗಳ ಹರಟೆಯ ನಡುವೆ ಮೂಕನಂತೆ ಕೂರುತ್ತೇನೆ. ಆಡುಮಾತಿಗೆಂದೇ ಬೇರೆ ತರಗತಿ ಸೇರಬೇಕೇ?

ಹ್ಯಾಂಬರ್ಗ್‌ನಿಂದ: ದಯವಿಟ್ಟು ಸೇರಬೇಡಿ. ವಲಸೆ ಬಂದವರ ಇಂಟೆಗ್ರೇಷನ್ ಕೋರ್ಸಿನಲ್ಲಿ 600 ಭಾಷಾ ಪಾಠಗಳನ್ನು ಮುಗಿಸಿಯೂ ಸಾಲದೆಂದು, ನಾಲ್ಕು ತಿಂಗಳು ವಾರಕ್ಕೆರಡು ಸಂಜೆ, ಹೋಗಲು ನಲವತ್ತು ನಿಮಿಷ, ಬರಲು ನಲವತ್ತು ನಿಮಿಷ ರೈಲಿನಲ್ಲಿ ಕುಳಿತು ನಾನು ಸಂಭಾಷಣೆಯ ತರಗತಿಗೆ ಹೋದೆ. ಅಲ್ಲಿ ಗಾದೆಗಳನ್ನು ಉರುಹೊಡೆಸಿದರೇ ಹೊರತು ‘ಮೊಯಿನ್’ ಎಂಬ ಎರಡಕ್ಷರವನ್ನು ಯಾರೂ ಹೇಳಿಕೊಡಲಿಲ್ಲ. ಒಂದು ಸಂಜೆ ಏಳು ಗಂಟೆಗೆ ಮೆಟ್ಟಿಲಿನಲ್ಲಿ ಎದುರಾದ ನೆರೆಮನೆಯ ಅಜ್ಜಿ ಹಾಗೆಂದಾಗ, ಅದು ಬೆಳಗಿನ ವಂದನೆಯೆಂದು ಭಾವಿಸಿ ‘ಗುಟನ್ ಆಬೆಂಟ್’ (ಶುಭ ಸಂಜೆ) ಎಂದು ಅವರನ್ನೇ ತಿದ್ದಿದೆ. ಉತ್ತರ ಜರ್ಮನಿಯಲ್ಲಿ ಅದು ದಿನದ ಯಾವ ಹೊತ್ತಿಗೂ ಸಲ್ಲುವ ಮಾತು. ಮೂರು ವಾರ ಅವರು ಬರೀ ತಲೆಯಾಡಿಸಿ ಹೋದರು. ಆ ಸಂಕಟ ಇನ್ನೂ ಹೋಗಿಲ್ಲ.

ಸ್ಟುಟ್‌ಗಾರ್ಟ್‌ನಿಂದ: ಇದನ್ನು ನಾನು ಒಪ್ಪಲಾರೆ. ಕಿವಿಯಿಂದಲೇ ಕಲಿಯುತ್ತೇನೆಂಬ ಹಟದಿಂದ ನಾನು ಎರಡನೆಯ ಭೇಟಿಯಲ್ಲೇ ವಯಸ್ಸಾದ ಮನೆ ಮಾಲೀಕರನ್ನು ‘ಡೂ’ ಎಂದು ಏಕವಚನದಲ್ಲಿ ಮಾತನಾಡಿಸಿಬಿಟ್ಟೆ. ಹಿರಿಯರು ತಾವಾಗಿ ಒಪ್ಪಿಗೆ ಕೊಡುವವರೆಗೆ ಗೌರವದ ‘ಝೀ’ ಎನ್ನಬೇಕೆಂದು ಹೇಳಿಕೊಡುವವರಿರಲಿಲ್ಲ. ಅವರು ಗದರಲಿಲ್ಲ, ಉತ್ತರದ ಪ್ರತಿ ವಾಕ್ಯದಲ್ಲೂ ‘ಝೀ’ ಪದವನ್ನು ಒತ್ತಿ ನುಡಿದರು. ಎರಡು ವರ್ಷಗಳ ನಂತರ ಅವರೇ ಕೈಚಾಚಿ ‘ಇನ್ನು ಡೂ ಎನ್ನೋಣ’ ಎಂದ ದಿನ ನನಗೆ ಕಣ್ಣು ತುಂಬಿತ್ತು. ಕಚೇರಿಯಲ್ಲಿ ಒಂದು ವರ್ಷ ಒಂದೂ ಮೆಚ್ಚುಗೆಯ ಮಾತು ಕೇಳದೆ ಕೆಲಸ ಬಿಡಲು ಹೊರಟಿದ್ದಾಗ, ‘ಬಯ್ಯದಿದ್ದರೆ ಅದೇ ಹೊಗಳಿಕೆ’ ಎಂಬ ಅರ್ಥದ ಇಲ್ಲಿನ ಶ್ವಾಬಿಯನ್ ಮಾತನ್ನು ತಿಳಿಸಿ ನನ್ನನ್ನು ಉಳಿಸಿದವರು ತರಗತಿಯ ಶಿಕ್ಷಕಿಯೇ.

ಹ್ಯಾಂಬರ್ಗ್‌ನಿಂದ: ಮೇಡಂ, ನಿಮ್ಮದು ಹಳೆಯ ಕಾಲದ ಮಾತು. ನಮ್ಮ ಕಚೇರಿಯಲ್ಲಿ ನಿರ್ದೇಶಕರನ್ನೂ ಮೊದಲ ದಿನದಿಂದಲೇ ‘ಡೂ’ ಎನ್ನುತ್ತೇವೆ.

ಸ್ಟುಟ್‌ಗಾರ್ಟ್‌ನಿಂದ: ನಾನು ಹೇಳಿದ್ದು ಮನೆ ಮಾಲೀಕರ ವಿಷಯ. ಉತ್ತರಿಸುವ ಮುನ್ನ ಪೂರ್ತಿ ಓದಿ, ಸರ್.

ಮ್ಯೂನಿಕ್‌ನಿಂದ: ಕೇಳಿದವರು ಇರುವುದು ಬವೇರಿಯಾದಲ್ಲಿ. ಇಲ್ಲಿ ಪರಿಚಿತರಲ್ಲಿ ‘ಸೆರ್ವುಸ್’ ಎಂಬ ಒಂದೇ ಮಾತು ಬಂದಾಗಲೂ ಹೊರಡುವಾಗಲೂ ಸಲ್ಲುತ್ತದೆ. ಅಪರಿಚಿತರಿಗೆ ‘ಗ್ರ್ಯೂಸ್ ಗಾಟ್’. ಅವರಿಗೆ ‘ಮೊಯಿನ್’ ಕಲಿಸಿ ದಾರಿ ತಪ್ಪಿಸಬೇಡಿ.

ಹ್ಯಾಂಬರ್ಗ್‌ನಿಂದ: ನಾನು ಕಲಿಸಲಿಲ್ಲ, ನನಗಾದದ್ದನ್ನು ಹೇಳಿದೆ.