ಪಿಚಿಂಗ್ ಕೈನೋವು: ಫಿಸಿಯೋ ಮೇಡಂಗೆ ನಿಮ್ಮ ಪ್ರಶ್ನೆ

ಅಡ್ಮಿನ್, ಕಾರವಾರ: ಸಾಫ್ಟ್‌ಬಾಲಲ್ಲಿ ಪಿಚಿಂಗ್ ಮಾಡೋ, ಅಂದ್ರೆ ಬ್ಯಾಟರ್‌ಗೆ ಬಾಲ್ ಎಸೆಯೋ ಮಕ್ಕಳ ಪಾಲಕರೆಲ್ಲ ಕೇಳಿ. ಮೇಡಂ ಒಂಬತ್ತು ಗಂಟೆವರೆಗೆ ಇರ್ತಾರೆ. ದಯವಿಟ್ಟು ಗುಡ್‌ನೈಟ್ ಹೂವು ಹಾಕ್ಬೇಡಿ.

ಕುಮಟಾ ಪಾಲಕರು: ಮಗಳ ಬಾಲಿಗೆ ಸ್ಪೀಡ್ ಇಲ್ಲ ಮೇಡಂ. ದಿನಾ ಗೋಡೆ ಎದುರು ನಿಂತು ಬರೀ ಮಣಿಕಟ್ಟು ಝಾಡಿಸಿ ನೂರು ಬಾಲ್ ಎಸೀತಾಳೆ. ಸಾಕಾ?

ಫಿಸಿಯೋ: ಜಾಸ್ತಿ ಆಯ್ತು. ಸ್ಪೀಡ್ ಹುಟ್ಟೋದು ಕಾಲಲ್ಲಿ. ಮುಂದಿನ ಕಾಲು ಊರಿದಾಗ ಸೊಂಟಕ್ಕೆ ಬ್ರೇಕ್ ಬೀಳ್ತದೆ, ಆ ಓಟ ರಟ್ಟೆಗೆ ದಾಟ್ತದೆ, ರಟ್ಟೆ ನಿಧಾನ ಆದಾಗ ಮುಂಗೈಗೆ. ಮುಂಗೈ ಸೊಂಟದ ಪಕ್ಕ ಸವರಿ ಒಳಗೆ ತಿರುಗೋ ಹೊತ್ತಿಗೆ ಬಾಲ್ ಬಿಡ್ತದೆ. ಮಣಿಕಟ್ಟು ಚಾಟಿಯ ತುದಿ ಅಷ್ಟೇ. ತುದಿ ಹಿಡಿದು ಚಾಟಿ ಬೀಸೋರುಂಟಾ?

ದಾಂಡೇಲಿ: ಎಡಗೈಯಲ್ಲಿ ಎಸೆಯೋ ಹುಡುಗಿಗೆ ಗ್ಲೌಸ್ ಎಲ್ಲಿ ಸಿಗ್ತದೆ?

ಹೊನ್ನಾವರ: ಮಣಿಕಟ್ಟಿಗೆ ಡಂಬೆಲ್ ಮಾಡಿಸ್ಬಹುದಾ?

ಫಿಸಿಯೋ: ಮೇಲೆ ಓದಿ.

ಅಂಕೋಲಾ ತಾಯಿ: ಮೇಡಂ, ಮಗಳಿಗೆ 15 ವರ್ಷ. ಮೂರು ವಾರದಿಂದ ಬಾಲ್ ಬಿಡುವಾಗ ಮುಂಗೈ ನಡುವೆ ನೋವು. ಈಗ ದೋಸೆ ಮಗುಚುವಾಗಲೂ ಹಾಯ್ ಅಂತಾಳೆ. ಶುರುವಿನ ವಾರವೇ ಎಕ್ಸ್‌ರೇ ಮಾಡ್ಸಿದ್ವಿ, ನಾರ್ಮಲ್. ಶನಿವಾರ ಮ್ಯಾಚುಂಟು.

ಫಿಸಿಯೋ: ಒಂದು ಬೆರಳಿಂದ ಎಲುಬಿನ ಮೇಲೆ ಒತ್ತುತ್ತಾ ಬನ್ನಿ. ಎಲ್ಲಾ ಕಡೆ ನೋವಾ, ಒಂದೇ ಜಾಗನಾ?

ಅಂಕೋಲಾ ತಾಯಿ: ಒಂದೇ ಜಾಗ. ಕಿರುಬೆರಳ ಕಡೆ, ಎಂಟಾಣೆಯಷ್ಟು. ಕೈ ಕಿತ್ಕೊಂಡ್ಳು.

ಶಿರಸಿ ಸದಸ್ಯರು: ಬಿಸಿ ಸುಣ್ಣ, ಅರಿಶಿನ ಕಲಸಿ ಮೂರು ದಿನ ಪಟ್ಟು ಹಾಕಿ ಬಿಗಿಯಾಗಿ ಕಟ್ಟಿ. ಎಲ್ಲರಿಗೂ ಫಾರ್ವರ್ಡ್ ಮಾಡಿ.

ಫಿಸಿಯೋ: ಯಾರಿಗೂ ಫಾರ್ವರ್ಡ್ ಮಾಡ್ಬೇಡಿ! ಸುಣ್ಣದಿಂದ ಚರ್ಮ ಸುಟ್ಟು ಬರೋ ಮಕ್ಕಳನ್ನ ನಾನು ನೋಡಿದ್ದೇನೆ.

ಅಂಕೋಲಾದವರೇ, ಗಮನಕೊಟ್ಟು ಓದಿ. ಕಿರುಬೆರಳ ಕಡೆಯ ಆ ಎಲುಬಿಗೆ ಅಲ್ನಾ ಅಂತಾರೆ. ನಡುಭಾಗದಲ್ಲಿ ಅದು ಸಪೂರ. ಪ್ರತಿ ಪಿಚ್‌ಗೂ ಮುಂಗೈ ರಭಸದಲ್ಲಿ ತಿರುಗ್ತದೆ, ಬೆರಳು ಮಡಚೋ ಸ್ನಾಯುಗಳು ಅದೇ ಎಲುಬನ್ನ ಎಳೀತವೆ. ಸಾವಿರ ಸಲ ತಂತಿ ತಿರುಚಿದ ಹಾಗೆ. ಒಂದಿನ ಕೂದಲೆಳೆಯಷ್ಟು ಬಿರುಕು ಬೀಳ್ತದೆ, ಸ್ಟ್ರೆಸ್ ಫ್ರ್ಯಾಕ್ಚರ್. ಕೈಯನ್ನ ಗಾಳಿಯಂತ್ರದ ಹಾಗೆ ಪೂರ್ತಿ ಸುತ್ತಿಸಿ ಕೆಳಗಿಂದ ಎಸೆಯೋ ವಿಂಡ್‌ಮಿಲ್ ಪಿಚರ್‌ಗಳಲ್ಲಿ ಇದು ಗೊತ್ತಿರೋ ಪೆಟ್ಟೇ. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಹಾಗಾಗಿ ನಾರ್ಮಲ್ ಅಂದ್ರೆ ಸಮಾಧಾನ ಪಡೋ ಹಾಗಿಲ್ಲ. ಇದೇ ಅಂತ ನಾನು ಫೋನಲ್ಲಿ ಹೇಳಲಾರೆ. ನಾಳೆಯೇ ಎಲುಬಿನ ಡಾಕ್ಟರಿಗೆ ತೋರಿಸಿ, ಎಂಆರ್‌ಐ ಬೇಕಾ ಕೇಳಿ. ಅಲ್ಲಿವರೆಗೆ ಎಸೆತ ಪೂರ್ತಿ ಬಂದ್. ಮಸಾಜೂ ಬೇಡ. ದಿನಕ್ಕೆ ಎಷ್ಟು ಬಾಲ್ ಹಾಕ್ತಿದ್ಳು?

ಅಂಕೋಲಾ ತಾಯಿ: ಲೆಕ್ಕ ಇಲ್ಲ ಮೇಡಂ. ಟೀಮಲ್ಲಿ ಇವಳೊಬ್ಳೇ ಪಿಚರ್.

ಶಿರಸಿ ಪಿಇ ಮೇಷ್ಟ್ರು: ಸುಮ್ನೆ ಹೆದರಿಸ್ಬೇಡಿ ಮೇಡಂ. ಅಂಡರ್‌ಆರ್ಮ್ ಅಲ್ದಾ? ಬ್ಯಾಟರ್ ಹತ್ರಕ್ಕೆ ಬರೀ 43 ಅಡಿ ದೂರ. ಎಷ್ಟು ಹಾಕಿದ್ರೂ ಏನೂ ಆಗೋದಿಲ್ಲ.

ಫಿಸಿಯೋ: ಬಾಲ್ ಬಿಡೋ ಹೊತ್ತಿಗೆ ಭುಜದ ಕೀಲಿನ ಮೇಲೆ ಬೀಳೋ ಎಳೆತ ದೇಹದ ತೂಕಕ್ಕೆ ಹತ್ತಿರ ಬರ್ತದೆ ಸರ್. ಕೆಳಗಿಂದ ಎಸೆದ್ರೆ ಭಾರ ಮಾಯ ಆಗೋದಿಲ್ಲ.

ಕಾರವಾರ ಕ್ರಿಕೆಟ್ ಮಾವ: ಕ್ರಿಕೆಟ್ ಆಡಿಸಿದ್ರೆ ಇಷ್ಟೆಲ್ಲ ಇಲ್ಲ 😄

ಭಟ್ಕಳ: ಹೌದಾ? ನಿಮ್ಮ ಫಾಸ್ಟ್ ಬೌಲರ್‌ಗಳ ಬೆನ್ನು ಯಾಕೆ ಮುರೀತದೆ?

ಕ್ರಿಕೆಟ್ ಮಾವ: ನಿಮ್ಮ ಆಟ ನೋಡ್ಲಿಕ್ಕೆ ಎಷ್ಟು ಜನ ಬರ್ತಾರೆ?

ಭಟ್ಕಳ: ನಿಮ್ಮನ್ನಂತೂ ಯಾರೂ ಕರೀಲಿಲ್ಲ.

ಪಿಇ ಮೇಷ್ಟ್ರು: ಬಾಲ್ ಬಿಟ್ಮೇಲೆ ಮೊಣಕೈ ಮುಖದ ಮಟ್ಟಕ್ಕೆ ಎತ್ತಬೇಕು, ಆವಾಗ್ಲೇ ಮಣಿಕಟ್ಟು ಝಾಡಿಸೋ ಸ್ನ್ಯಾಪ್ ಬರೋದು. ನಾನು 20 ವರ್ಷದಿಂದ ಹಾಗೇ ಕಲಿಸಿದ್ದು.

ಫಿಸಿಯೋ: ಬಿಟ್ಮೇಲೆ ಬಾಲ್ ನಿಮ್ಮ ಮಾತು ಕೇಳ್ತದಾ ಸರ್? ಅದು ಆಗಲೇ ಕ್ಯಾಚರ್ ಕಡೆ ಹೋಗಿರ್ತದೆ. ಕೈ ತಾನಾಗಿ ಎಲ್ಲಿಗೆ ಹೋಗ್ತದೋ ಹೋಗ್ಲಿ.

ಪಿಇ ಮೇಷ್ಟ್ರು: ನೀವು ಎಷ್ಟು ಮ್ಯಾಚ್ ಆಡಿದ್ದೀರಿ?

ಅಡ್ಮಿನ್: ಸರ್, ಮರ್ಯಾದೆ ಇರ್ಲಿ.

ಕಾರವಾರ: ಟಾಗೋರ್ ಬೀಚಿನ ಮರಳಲ್ಲಿ ಪಿಚಿಂಗ್ ಮಾಡಿಸ್ಬಹುದಾ?

ಫಿಸಿಯೋ: ಮುಂದಿನ ಕಾಲು ಹೂತು ಹೋಗ್ತದೆ, ಬ್ರೇಕ್ ಸಿಗೋದಿಲ್ಲ. ಕೊರತೆಯನ್ನೆಲ್ಲ ಕೈ ತುಂಬ್ಬೇಕಾಗ್ತದೆ. ಬೇಡ. ಓಡಿಸಿ ಬೇಕಾದ್ರೆ.

ದಾಂಡೇಲಿ: ಎಡಗೈ ಗ್ಲೌಸ್??

ಹೊನ್ನಾವರ: ರಬ್ಬರ್ ಬಾಲ್ ಒತ್ತಿದ್ರೆ ಮಣಿಕಟ್ಟು ಗಟ್ಟಿ ಆಗ್ತದಾ?

ಫಿಸಿಯೋ: ಮೂರನೇ ಸಲ ಮಣಿಕಟ್ಟು. ಮೇಲೆ ಓದಿ ಮಾರಾಯ್ರೆ.

ಅಂಕೋಲಾ ತಾಯಿ: ಮೇಡಂ, ಶಾಲೆಯವರ ಫೋನ್ ಬಂತು. ಶನಿವಾರ ಒಂದೇ ಇನ್ನಿಂಗ್ಸ್ ಹಾಕಿಸ್ತೇವೆ ಅಂತಾರೆ.

ಫಿಸಿಯೋ: ಒಂದು ಬಾಲೂ ಇಲ್ಲ. ನಂಬರ್ ಕೊಡಿ, ಅವ್ರ ಹತ್ರ ನಾನೇ ಮಾತಾಡ್ತೇನೆ.