‘ಕುಡಿತದ ಹುಚ್ಚು’ ಅಂದರೆ ನಿಮಗೆ ಏನು ಅರ್ಥವಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಚಿಕ್ಕಬಳ್ಳಾಪುರದಲ್ಲಿ ವಕೀಲರೊಬ್ಬರ ಹತ್ತಿರ ಕೆಲಸ ಮಾಡುತ್ತೇನೆ. ಹಳ್ಳಿಯವರಿಗೆ ಕಾನೂನು ತಿಳಿಸುವ ಕರಪತ್ರ ಬರೆಯುತ್ತಾ ಒಂದು ಪದಕ್ಕೆ ಸಿಕ್ಕಿಕೊಂಡಿದ್ದೇನೆ. ವರ್ಷಗಟ್ಟಲೆ ಕುಡಿದು, ಅದರಿಂದಲೇ ಮನಸ್ಸಿನ ಕಾಯಿಲೆ ಬಂದರೆ ಅದಕ್ಕೆ ಏನನ್ನೋಣ?

ಮೊದಲು ‘ಕುಡಿತದ ಹುಚ್ಚು’ ಎಂದು ಬರೆದೆ. ಶಿಡ್ಲಘಟ್ಟದ ರೇಷ್ಮೆ ರೀಲರ್ ಒಬ್ಬರು ಓದಿ, “ಕುಡಿಯೋ ಚಟ ಜಾಸ್ತಿ ಇರೋರು ಅಲ್ವಾ?” ಎಂದರು. ಅವರು ಹೇಳಿದ್ದೇ ಸರಿ. ಸಿನಿಮಾ ಹುಚ್ಚು, ಇಸ್ಪೀಟಿನ ಹುಚ್ಚು ಅನ್ನುವಾಗ ಹುಚ್ಚು ಎಂದರೆ ಗೀಳು. ನಮ್ಮ ಕಡೆಯ ತೆಲುಗಿನ ‘ಪಿಚ್ಚಿ’ಗೂ ಹೀಗೇ ಎರಡು ಅರ್ಥ.

‘ಅಮಲು’ ಕೂಡ ಹೊಂದುವುದಿಲ್ಲ. ಅಮಲು ಇಳಿಯುತ್ತದೆ. ಈ ಕಾಯಿಲೆ ಕೆಲವೊಮ್ಮೆ ಅಮಲು ಇಳಿದ ಮೇಲೇ ಶುರುವಾಗುತ್ತದೆ. ನಮ್ಮ ದೊಡ್ಡಪ್ಪ ಕುಡಿತ ಬಿಟ್ಟ ಮೂರನೇ ದಿನ, ಗೋಡೆ ತುಂಬ ಇರುವೆ ಹರಿಯುತ್ತಿವೆ ಎಂದು ಕೈಯಲ್ಲಿ ಒರೆಸುತ್ತಿದ್ದರು. ಬಾಯಲ್ಲಿ ವಾಸನೆಯೇ ಇರಲಿಲ್ಲ. ‘ಇನ್ನೂ ಇಳಿದಿಲ್ಲ’ ಎಂದುಕೊಂಡು ನಾವು ಸುಮ್ನೆ ಮಲಗಿಸಿದೆವು. ಡೆಲಿರಿಯಂ ಟ್ರೆಮೆನ್ಸ್ (ಕುಡಿತ ಬಿಟ್ಟಾಗ ಬರುವ ತೀವ್ರ ಭ್ರಮೆ) ಎಂದು ಡಾಕ್ಟರು ಹೇಳುವಷ್ಟರಲ್ಲಿ ಒಂದು ದಿನ ಕಳೆದಿತ್ತು. ಜೀವಕ್ಕೇ ಅಪಾಯ ತರುವ ಕಾಯಿಲೆ ಅದು. ನಮ್ಮ ಬಾಯಲ್ಲಿ ಅದಕ್ಕೊಂದು ಹೆಸರಿದ್ದಿದ್ದರೆ ಅವತ್ತೇ ಆಸ್ಪತ್ರೆಗೆ ಒಯ್ಯುತ್ತಿದ್ದೆವು.

ಕಾನೂನಿನಲ್ಲೂ ಮನಸ್ಸಿನ ಕಾಯಿಲೆ, ಅಮಲು ಎರಡೂ ಬೇರೆ ಬೇರೆ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ (ಐಪಿಸಿ) 84ನೇ ಕಲಂ ಇದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 22. ಚಿತ್ತಸ್ವಾಸ್ಥ್ಯ ಇಲ್ಲದೆ, ತಾನು ಏನು ಮಾಡುತ್ತಿದ್ದೇನೆ ಅಥವಾ ಅದು ತಪ್ಪು ಅನ್ನುವುದೇ ಆ ಹೊತ್ತಿನಲ್ಲಿ ತಿಳಿಯದವರಿಗೆ ಅದು ರಕ್ಷಣೆ. ಅಮಲಿಗೆ 23ನೇ ಕಲಂ. ಗೊತ್ತಿಲ್ಲದೆ ಅಥವಾ ಬಲವಂತವಾಗಿ ಕುಡಿಸಿದ್ದರೆ ಮಾತ್ರ ಅದು ನೆರವಿಗೆ ಬರುತ್ತದೆ. ತಾನಾಗಿ ಕುಡಿದವನಿಗೆ ಇಲ್ಲ.

ನ್ಯಾಯ ಸಂಹಿತೆಯ 2023ರ ಆಗಸ್ಟ್‌ನ ಮೊದಲ ಮಸೂದೆಯಲ್ಲಿ, 22ನೇ ಕಲಮಿಗೆ ‘ಮಾನಸಿಕ ಕಾಯಿಲೆ’ ಎಂಬ ಅರ್ಥದ ಪದ ಹಾಕಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುವಂತೆ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಯೂ ಅದರೊಳಗೇ ಬರುತ್ತದೆ. ಹಾಗಾದರೆ ಬೇಕೆಂದೇ ಕುಡಿದವನೂ ತಪ್ಪಿಸಿಕೊಳ್ಳಬಹುದಲ್ಲ ಎಂಬ ಆಕ್ಷೇಪ ಬಂತು. ಕೊನೆಗೆ ‘ಚಿತ್ತಸ್ವಾಸ್ಥ್ಯ ಇಲ್ಲದ’ ಎಂಬ ಅರ್ಥದ ಹಳೆಯ ಪದವನ್ನೇ ಉಳಿಸಿಕೊಂಡರು. ಒಂದು ಪದದ ಭಾರ ನೋಡಿ!

ಸದ್ಯಕ್ಕೆ ‘ಕುಡಿತದಿಂದ ಬಂದ ಬುದ್ಧಿಭ್ರಮೆ’ ಎಂದು ಬರೆದಿಟ್ಟಿದ್ದೇನೆ. ಉದ್ದವಾಯಿತು, ಆದರೆ ‘ಬಂದ’ ಎನ್ನುವುದನ್ನು ಬಿಡಲು ಮನಸ್ಸಿಲ್ಲ. ಗೀಳಲ್ಲ, ಕಾಯಿಲೆ ಎಂದು ತಿಳಿಯುವುದೇ ಅದರಿಂದ. ಕೋಲಾರ, ತುಮಕೂರು ಕಡೆ ನಿಮ್ಮ ಮನೆಯ ಹಿರಿಯರು ಹೀಗಾದವರಿಗೆ ಬೇರೆ ಮಾತೇನಾದರೂ ಬಳಸುತ್ತಿದ್ದರೇ?