ಸಹಾಯ ಬೇಕು: ಬಲೆ ಗುಂಡಿನ ಅಚ್ಚು ಕೈಕೊಟ್ಟಿದೆ

ನಮಸ್ಕಾರ. ಗೊರೂರಿನ ಹೇಮಾವತಿ ಹಿನ್ನೀರಲ್ಲಿ ಬೀಸುಬಲೆ ಹಾಕುವವರು ನಾವು. ಬಲೆಯ ಅಂಚಿಗೆ ಕಟ್ಟೋ ಸೀಸದ ಗುಂಡನ್ನ ಮನೆಯಲ್ಲೇ ಎರಕ ಹೊಯ್ಯೋಣ ಅಂತ ಎರಡು ಹೋಳಿನ ಅಲ್ಯೂಮಿನಿಯಂ ಅಚ್ಚು ತರಿಸಿದೆ. ಹೋಳು ಸರಿಯಾಗಿ ಕೂರಲ್ಲ. ಬೆಳಕಿಗೆ ಹಿಡಿದರೆ ಒಂದು ಬದಿ ಸಂದು ಕಾಣುತ್ತೆ. ಅಲ್ಲಿಂದ ಸೀಸ ಸೋರಿ ಗುಂಡಿಗೆ ರೆಕ್ಕೆ ಮೂಡುತ್ತೆ, ಆ ರೆಕ್ಕೆ ಬಲೆಯ ನೂಲನ್ನೇ ಕೊಯ್ಯುತ್ತೆ. ಮೊದಲ ನಾಲ್ಕೈದು ಗುಂಡು ಸುಕ್ಕುಗಟ್ಟಿದ್ದು ಅಚ್ಚು ತಣ್ಣಗಿದ್ದಕ್ಕೆ, ಕಾಯಿಸಿದ ಮೇಲೆ ಸರಿಹೋಯ್ತು. ಸೀಸ ಕರಗೋದು 327 ಡಿಗ್ರಿಗೆ, ಉರಿ ಸಾಕಷ್ಟಿದೆ. ದೋಷ ಅಚ್ಚಿನದ್ದೇ. ಮಾರಿದವರು ಫೋನೇ ಎತ್ತಲ್ಲ.

ಹಾಸನದಲ್ಲಿ ಇದರ ಮುಖ ಮಟ್ಟ ಮಾಡಿಕೊಡೋ ಲೇತ್ ಅಂಗಡಿ ಇದೆಯಾ? ನಾನೇ ಅರ ಹಾಕಿ ಉಜ್ಜಿದರೆ ಇನ್ನೂ ಕೆಡುತ್ತಾ? (ಒಲೆ ಬಯಲಲ್ಲೇ ಇದೆ, ಹತ್ತಿರ ಹನಿ ನೀರೂ ಬಿಡಲ್ಲ, ಮಕ್ಕಳನ್ನೂ ಬಿಡಲ್ಲ. ಬೈಬೇಡಿ.)